ಅತ್ತೆಯ ಎಡ ಅಂಗೈ

ಕಿತ್ತೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ವರ್ಷಕ್ಕೊಂದು ದಿನ ಕರಿಹಲಗೆಯ ಮೇಲೆ ‘ಚರ್ಮ: ದೇಹದ ಅತಿ ದೊಡ್ಡ ಅಂಗ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಮೂರು ಪದರು ಎಳೆದು, ಕೂದಲಿನ ಬೇರು, ಬೆವರಿನ ಗ್ರಂಥಿ ಎಲ್ಲ ಬಿಡಿಸಿ, ಬಾಣದ ಗುರುತು ಹಾಕಿ ಹೆಸರು ಬರೆಯುತ್ತಿದ್ದೆ. ಚಿತ್ರ ಚೆಂದ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸಲ ಹುಡುಗಿಯೊಬ್ಬಳು ಎದ್ದು ನಿಂತು, “ಮ್ಯಾಲಿನ ಪದರು ಸತ್ತಿರತೈತಿ ಅಂದ್ರ ಅದು ಯಾಕ ಇರಬೇಕ್ರಿ ಅಕ್ಕಾರ?” ಎಂದು ಕೇಳಿದ್ದಳು. “ಅದು ಪರೀಕ್ಷಾಕ್ಕ ಬರಂಗಿಲ್ಲ, ಕುಂಡ್ರು” ಎಂದು ಗದರಿಸಿ ಕೂರಿಸಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಇಡೀ ಶಾಲೆಗೇ ಗೊತ್ತಿದ್ದ ವಿಷಯ.

ಅದೇ ಪದರನ್ನು ನಾನು ನಮ್ಮ ಬಚ್ಚಲಲ್ಲಿ ವಾರಕ್ಕೆ ಎರಡು ಸಲ ಕೈಯಾರೆ ಕಿತ್ತು ತೆಗೆದ ಕತೆಯನ್ನು ಈಗ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಈ ತಪ್ಪನ್ನು ಮಾಡುವ ಸೊಸೆಯಂದಿರು, ಹೆಣ್ಣುಮಕ್ಕಳು ನಮ್ಮ ಬೈಲಹೊಂಗಲದಲ್ಲಿ ಓಣಿಗೆ ಹತ್ತು ಮಂದಿ ಸಿಗುತ್ತಾರೆ.

ನಾನು ನಿವೃತ್ತಳಾಗುವ ಹೊತ್ತಿಗೆ ನಮ್ಮ ಅತ್ತೆಗೆ ಎಂಬತ್ತನಾಲ್ಕು. ಸವದತ್ತಿ ತಾಲೂಕಿನ ಮನೋಳಿ ಅವರ ತವರು. ಎತ್ತರದ ಹೆಂಗಸು, ನೇರ ಬೆನ್ನು, ಮಾತು ಕಡಿಮೆ. ‘ಹೂಂ’, ‘ಇರ್ಲಿ’ ಎಂಬ ಎರಡು ಮಾತಿನಲ್ಲಿ ಅರ್ಧ ದಿನ ಕಳೆಯಬಲ್ಲವರು. ಆ ಚಳಿಗಾಲ ಅವರಿಗೆ ಮೈ ತುರಿಕೆ ಶುರುವಾಯಿತು. ಕೂತಲ್ಲಿ ಮೊಣಕಾಲ ಕೆಳಗೆ ಕೆರೆಯುವುದು, ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುವುದು. ಗಾದರಿಯಿಲ್ಲ, ಗುಳ್ಳೆಯಿಲ್ಲ, ಬರೀ ತುರಿಕೆ. ಕಾಲಿನ ಚರ್ಮ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ಮೈ ತುರಿಸಿದರೆ ಮೈಯಲ್ಲಿ ಹೊಲಸು ಕೂತಿದೆ, ಸ್ನಾನ ಸರಿಯಾಗಿ ಆಗಿಲ್ಲ ಎಂದೇ ನಮ್ಮ ಕಡೆ ತಿಳಿಯುವುದು. ಅವರಿಗೂ ಬೆನ್ನಿಗೆ ಕೈ ಎಟುಕುತ್ತಿರಲಿಲ್ಲ. ಸರಿ, ವಾರಕ್ಕೆ ಎರಡು ದಿನ ನಾನೇ ಸೀರೆ ಎತ್ತಿಕಟ್ಟಿ ಬಚ್ಚಲಿಗಿಳಿದೆ.

ಏನೆಲ್ಲ ಮಾಡಿದೆ ನೋಡಿ. ಗೀಜರನ್ನು ಕೊನೆಯವರೆಗೆ ತಿರುಗಿಸಿದೆ. ಹೊಗೆಯಾಡುವ ನೀರಿಗೆ ಗಾಯ ತೊಳೆಯುವ ಘಾಟು ಔಷಧ ಎರಡು ಮುಚ್ಚಳ ಹಾಕಿದೆ, ನೀರು ಹಾಲಿನ ಹಾಗೆ ಬೆಳ್ಳಗಾಗುವವರೆಗೆ. ಮೊದಲು ಸಾಬೂನು, ಆಮೇಲೆ ಕಡಲೆ ಹಿಟ್ಟು, ಆಮೇಲೆ ಒರಟು ಪ್ಲಾಸ್ಟಿಕ್ ಜಾಳಿಗೆಯಿಂದ ತಿಕ್ಕುವುದು. ಕಾಲಿಗೆ, ಕೈಗೆ ಮೈ ತಿಕ್ಕುವ ಕಲ್ಲು. ಬಿಳಿ ಬಿಳಿ ಪುಡಿ ಉದುರಿ ನೀರಿನಲ್ಲಿ ಹರಿದುಹೋಗುತ್ತಿತ್ತು. “ನೋಡ್ರಿ ಅತ್ತೀ, ಎಷ್ಟ ಹೊಲಸು!” ಎಂದು ಬೀಗುತ್ತಿದ್ದೆ. ಅವರು ಸ್ಟೂಲಿನ ಮೇಲೆ ಹಲ್ಲು ಕಚ್ಚಿ ಕೂತಿರುತ್ತಿದ್ದರು. “ನೀರ ಬಿಸಿ ಆತೇನ್ರಿ?” ಎಂದರೆ, “ಇರ್ಲಿ.” “ಜೋರಾತೇನ್ರಿ?” ಎಂದರೂ ಅದೇ, “ಇರ್ಲಿ.”

ಒಂದು ತಿಂಗಳಾದರೂ ತುರಿಕೆ ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ನಾನು ಸೋಲೊಪ್ಪುವವಳೇ? ಕಡಲೆ ಹಿಟ್ಟಿಗೆ ಲಿಂಬೆಹಣ್ಣು ಹಿಂಡಿದೆ.

ಈ ನಡುವೆ ಅತ್ತೆ ಎಡಗೈಯನ್ನು ಮುಷ್ಟಿ ಮಾಡಿ ಸೆರಗಿನೊಳಗೆ ಇಟ್ಟುಕೊಳ್ಳತೊಡಗಿದ್ದರು. ಚಳಿಗೆ ಇರಬಹುದು ಎಂದುಕೊಂಡೆ. ಪೂಜೆಗೆ ಮೊದಲು ಅವರು ಬಟ್ಟೆ ಒಗೆಯುವ ಸಾಬೂನಿನಿಂದ ಮೂರು ಮೂರು ಸಲ ಕೈ ತೊಳೆಯುತ್ತಿದ್ದರು, ಕೊರೋನಾ ಕಾಲದಲ್ಲಿ ಹಿಡಿದ ರೂಢಿ. ಅದನ್ನೂ ನಾನು ಶಭಾಷ್ ಎಂದೇ ನೋಡುತ್ತಿದ್ದೆ.

ನಮ್ಮ ಮನೆತನದಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತೇವೆ. ಪೂಜೆಗೆ ಅದನ್ನು ಗುಡಿಯಲ್ಲಿ ಅಲ್ಲ, ಎಡ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಅಂಗೈಯಲ್ಲಿ ನಿಂತ ಅದೇ ನೀರನ್ನು ಕುಡಿಯಬೇಕು. ಅದಾಗುವವರೆಗೆ ಅತ್ತೆ ತುತ್ತು ಅನ್ನವಿರಲಿ, ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಜ್ವರ ಬಂದಾಗ ಬಿಟ್ಟಿಲ್ಲ, ಹೆತ್ತಾಗ ಬಿಟ್ಟಿಲ್ಲ, ಮಾವ ತೀರಿಕೊಂಡ ದಿನವೂ ಬಿಟ್ಟಿರಲಿಲ್ಲ. ನಾನೋ, ಬಸ್ಸಿಗೆ ತಡವಾಗುತ್ತದೆಂದು ಶುರುಮಾಡಿದ ಸೋಮಾರಿತನದಲ್ಲಿ ಪೂಜೆಯನ್ನು ಎಂದೋ ಕೈಬಿಟ್ಟಿದ್ದೆ. ಅದಕ್ಕೆ ಅವರು ಒಂದು ಮಾತೂ ಆಡಿದ್ದಿಲ್ಲ.

ಅವತ್ತು ಬೆಳಗ್ಗೆ ಅವಲಕ್ಕಿ ಕಲಸಿಟ್ಟು ಕಾದೆ, ಅತ್ತೆ ಬರಲಿಲ್ಲ. ದೇವರ ಕೋಣೆಗೆ ಹೋಗಿ ನೋಡಿದರೆ ಲಿಂಗವನ್ನು ಒರೆಸಿ ಕೊರಳಿಗೆ ತೂಗುವ ಬೆಳ್ಳಿಯ ಕರಡಿಗೆಯೊಳಗೆ ಮುಚ್ಚಿಟ್ಟು, ಮಣೆಯ ಮೇಲೆ ಸುಮ್ಮನೆ ಕೂತಿದ್ದರು. ಎಡಗೈ ಮಡಿಲಲ್ಲಿ ತೆರೆದಿತ್ತು. ಅಯ್ಯ ಶಿವನೇ! ಅಂಗೈಯ ನಟ್ಟನಡುವೆ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಕಡೆಗೆ ಉದ್ದಕ್ಕೆ ಚರ್ಮ ಸೀಳಿತ್ತು, ಬೇಸಿಗೆಯಲ್ಲಿ ಎರೆಹೊಲ ಬಿರಿದ ಹಾಗೆ. ಒಳಗೆ ಕೆಂಪು ಮಾಂಸ. ರಕ್ತ ಮಣಿಕಟ್ಟಿನವರೆಗೆ ಇಳಿದು ಒಣಗಿತ್ತು.

“ನೀರ ಕೆಂಪಾತು,” ಎಂದರು. “ಅದನ್ನ ಹೆಂಗ ಕುಡೀಲಿ?”

“ಪೂಜಿ ನಾಳೆ ಮಾಡೀರಂತ. ಮೊದಲ ಒಂದೀಟು ತಿನ್ರಿ, ಗುಳಿಗಿ ತೊಗೋಬೇಕು.”

“ಪೂಜಿ ಆಗಿಲ್ಲ.”

ಅಷ್ಟೇ. ಬಿ.ಪಿ. ಗುಳಿಗೆ ನುಂಗುವ ಎಂಬತ್ತನಾಲ್ಕರ ಮುದುಕಿ. ಹಿಂದಿನ ಸಂಜೆ ಏಳಕ್ಕೆ ಕುಡಿದ ನೀರೇ ಕೊನೆ. ನಮ್ಮ ಮನೆಯವರನ್ನು ಎಬ್ಬಿಸಿ, ಕಾರು ತೆಗೆಸಿ, ಅತ್ತೆಯನ್ನು ಹತ್ತಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಓಡಿದೆವು. ವಾರಕ್ಕೆ ಎರಡೇ ದಿನ ನಮ್ಮೂರಿಗೆ ಬರುವ ಡಾಕ್ಟರು, ಪುಣ್ಯಕ್ಕೆ ಅವತ್ತು ಅವರ ದಿನ.

ರಾಮದುರ್ಗದ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿ ಒಂದೆರಡು ವರ್ಷ ಆಗಿರಬಹುದು. ಅಂಗೈ ನೋಡಿದರು, ಕಾಲು ನೋಡಿದರು, ಬೆನ್ನು ನೋಡಿದರು. ಆಮೇಲೆ ಕೇಳಿದರು, “ಆಯಿಗೆ ಸ್ನಾನ ಯಾರ ಮಾಡಸ್ತೀರಿ?”

“ನಾನ ರೀ.”

“ಹೆಂಗ ಮಾಡಸ್ತೀರಿ, ಸ್ವಲ್ಪ ಹೇಳ್ರಿ.”

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ಲಿಂಬೆಹಣ್ಣಿನವರೆಗೆ ಒಂದನ್ನೂ ಬಿಡದೆ. ಕೇಳುತ್ತ ಕೇಳುತ್ತ ಅವರ ಕಣ್ಣು ದೊಡ್ಡವಾದವು.

“ನೀವು ಏನರ ನೌಕರಿ ಮಾಡತಿದ್ರೇನ್ರಿ?”

“ಟೀಚರ್ ಇದ್ನಿ. ಸಾಯನ್ಸ್.”

ಡಾಕ್ಟರು ತಲೆ ತಗ್ಗಿಸಿ ನಗು ನುಂಗಿದ್ದು ನನಗೆ ಕಾಣಿಸಿತು. “ಹಂಗಾದ್ರ ನಿಮಗ ಬೈಯಾಕೂ ಬರಂಗಿಲ್ಲಲ್ರಿ ಅಕ್ಕಾರ,” ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವರು ಬೆಳಕಿರುವ ಒಂದು ಸಣ್ಣ ಮಸೂರವನ್ನು ಅತ್ತೆಯ ತೋಳಿನ ಒಳಭಾಗಕ್ಕೆ ಹಿಡಿದು, “ಬರ್ರಿ, ನೋಡ್ರಿ” ಎಂದರು. ಅಲ್ಲಿ ಕಂಕುಳ ಮರೆಗೆ ನನ್ನ ಕಲ್ಲು ಮುಟ್ಟಿರಲಿಲ್ಲ. ಬಾಗಿ ಕಣ್ಣಿಟ್ಟೆ. ಯಪ್ಪಾ, ಏನದು! ಎಳೆ ಎಳೆಯಾಗಿ ಗೆರೆಗಳು, ಗೆರೆಗೆ ಗೆರೆ ಕೂಡಿ ಸಾವಿರಾರು ಸಣ್ಣ ಸಣ್ಣ ಮುಕ್ಕೋನಗಳು, ಒಂದರ ಪಕ್ಕ ಒಂದು, ಎಲ್ಲಿಯೂ ಸಂದಿಲ್ಲ. ಎಂಬತ್ತನಾಲ್ಕು ವರ್ಷದ ಹಳೆಯ ಮೈ ಅದು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಷ್ಟು ಅಚ್ಚುಕಟ್ಟು! ನನಗೆ ಮೈ ಜುಂ ಎಂದಿತು. ಮೂವತ್ತು ವರ್ಷ ನಾನು ಹಲಗೆಯ ಮೇಲೆ ಎಳೆದದ್ದು ಮೂರು ಅಡ್ಡಗೆರೆ. ಇದನ್ನು ಒಮ್ಮೆಯಾದರೂ ನೋಡದೆಯೇ ಕಲಿಸಿದ್ದೆ.

ಡಾಕ್ಟರು ಮಸೂರವನ್ನು ಕಾಲಿಗೆ ಸರಿಸಿದರು. ಅಲ್ಲಿ ಆ ನೇಯ್ಗೆ ಹರಿದುಹೋಗಿತ್ತು. ಅಂಚುಗಳು ಎದ್ದು ನಿಂತಿದ್ದವು, ಮುಕ್ಕೋನಗಳ ಗುರುತೇ ಇರಲಿಲ್ಲ.

“ಇದನ್ನ ನೀವು ಹೊಲಸಂತ ತಿಳದು ತಿಕ್ಕಿ ತಗದೀರಿ,” ಎಂದರು ಮೆತ್ತಗೆ. “ಹೊಲಸಲ್ಲ ಇದು, ಕಾವಲು. ಕೆಳಗ ಹುಟ್ಟಿದ ಜೀವಕಣ ಮ್ಯಾಲ ಬರಕೋತ ಬರಕೋತ ಸಾಯತಾವು. ಸತ್ತು ಚಪ್ಪಟಿ ಆಗಿ ಒಂದರ ಮ್ಯಾಲ ಒಂದು ಕುಂತು ಕೆಲಸಾ ಮಾಡತಾವು. ಅವುಗಳ ನಡುವ ಒಂದು ಜಿಡ್ಡು ಇರತೈತಿ. ಒಳಗಿನ ನೀರು ಹೊರಗ ಬಿಡಂಗಿಲ್ಲ, ಹೊರಗಿನ ಕೆಟ್ಟದ್ದು ಒಳಗ ಬಿಡಂಗಿಲ್ಲ. ವಯಸ್ಸಾದಂಗ ಜಿಡ್ಡು ಕಡಿಮಿ, ಚರ್ಮ ತೆಳುವು. ಇದ್ದ ಚೂರನ್ನೂ ಸುಡೂ ನೀರು, ಸಾಬೂನು, ಔಷಧ ಹಾಕಿ ತೊಳದ್ರ ಉಳಿಯೂದೇನ್ರಿ?”

ಅಲ್ಲಿಯವರೆಗೆ ಬಾಯಿ ಬಿಡದ ಅತ್ತೆ ಒಮ್ಮೆಲೇ, “ಮಾಳಗಿ ಮ್ಯಾಲಿನ ಮಣ್ಣ ಇದ್ದಂಗ,” ಎಂದರು.

ಡಾಕ್ಟರು ಅವರ ಕಡೆ ತಿರುಗಿದರು. ಅತ್ತೆ ಮನೋಳಿಯ ತಮ್ಮ ತವರುಮನೆಯ ಮಣ್ಣಿನ ಮಾಳಿಗೆಯ ಮಾತು ಹೇಳಿದರು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡುತ್ತಿದ್ದರಂತೆ. “ಯಾರರ ಮ್ಯಾಲ ಹತ್ತಿ ಕೆದರಿದ್ರ ನಮ್ಮಪ್ಪ ಬಡಗಿ ತೊಗೊಂಡು ಹೊಡೀತಿದ್ದ. ಒಂದು ಕಡೆ ಕೆದರಿದ್ರ ಸಾಕು, ಇಡೀ ಮನಿ ಸೋರತೈತಿ.”

“ಬರಾಬ್ಬರ್ ಹೇಳಿದ್ರಿ ಆಯಿ!” ಡಾಕ್ಟರು ಕೈ ತಟ್ಟಿದರು. ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯನ್ನೂ ಮುಗಿಸದ ನಮ್ಮ ಅತ್ತೆಗೆ ತಿಳಿದದ್ದು ನನ್ನ ತಲೆಗೆ ಹೊಳೆದಿರಲಿಲ್ಲ.

ಹೊಸ ಕಟ್ಟಳೆ ಬರೆದುಕೊಟ್ಟರು. ಉಗುರುಬೆಚ್ಚಗಿನ ನೀರು, ಐದು ನಿಮಿಷದ ಸ್ನಾನ. ಸಾಬೂನು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ ಮಾತ್ರ, ಅದೂ ವಾಸನೆಯಿಲ್ಲದ ಮೆದು ಸಾಬೂನು. ಕಲ್ಲು, ಜಾಳಿಗೆ, ಹಿಟ್ಟು ಎಲ್ಲ ಬಂದ್. ಒರೆಸುವಾಗ ತಿಕ್ಕದೆ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಮೈ ಇನ್ನೂ ಹಸಿ ಇರುವಾಗಲೇ ಮೇಣದಂಥ ಬಿಳಿ ಮುಲಾಮು ಹಚ್ಚಬೇಕು. ವಿಭೂತಿ ಹಣೆಗಷ್ಟೇ, ತೋಳಿಗೆ ಬೇಡ. ಸೀಳಿದ ಅಂಗೈಗೆ ದಪ್ಪಗೆ ಮುಲಾಮು ಮೆತ್ತಿ ಹತ್ತಿ ಬಟ್ಟೆ ಸುತ್ತಬೇಕು.

ಅತ್ತೆ ಡಬ್ಬಿಯನ್ನು ತಿರುಗಿಸಿ ನೋಡಿದರು. “ಇದರಾಗ ದನದ ಚರಬಿ, ಕುರಿ ಚರಬಿ ಏನರ ಐತೇನು?”

“ಇಲ್ರಿ ಆಯಿ. ಇದು ನೆಲದಾಗಿಂದ ತಗದ ಎಣ್ಣಿಂದ ಮಾಡಿದ್ದು.”

“ನೆಲದ್ದಾದ್ರ ಹಚ್ಚು.”

“ಮತ್ತ ಹತ್ತು ದಿನ ಈ ಕೈಗೆ ನೀರು ಮುಟ್ಟಸಬ್ಯಾಡ್ರಿ,” ಎಂದರು ಡಾಕ್ಟರು. ಅತ್ತೆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ಮನೆಗೆ ಬಂದಾಗ ಒಂದು ಗಂಟೆ. ಅತ್ತೆ ಗೋಡೆಗೆ ಒರಗಿ ಕೂತರು. ನಮ್ಮ ಮನೆಯವರು ಎದುರು ಕೂತು ಗೋಗರೆದರು. “ಅವ್ವಾ, ಮಣಿ ಮ್ಯಾಲ ಲಿಂಗ ಇಟ್ಟು ಮಾಡಬೇ. ಹತ್ತ ದಿನದ ಮಾತು.”

“ನನ್ನ ಕೈ ಇನ್ನೂ ಕಡದುಹೋಗಿಲ್ಲ,” ಎಂದರು ಅತ್ತೆ.

“ಒಂದು ಗುಟುಕು ನೀರರ ಕುಡಿ.”

“ಪೂಜಿ ಆಗಿಲ್ಲ.”

ಎರಡು ಗಂಟೆ ದಾಟಿತು. ತುಟಿ ಬೆಳ್ಳಗಾಯಿತು. ಎದ್ದು ಒಳಗೆ ಹೋಗಲು ಹೊರಟವರು ತಲೆ ತಿರುಗಿ ಬಾಗಿಲು ಹಿಡಿದರು. ಓಡಿಹೋಗಿ ಹಿಡಿದು ಕೂರಿಸಿದೆ. ಭಯಕ್ಕೆ ನನಗೆ ಬರುವುದು ಸಿಟ್ಟೇ. “ಸಾಯಬೇಕಂತ ಮಾಡೀರೇನ್ರಿ? ನನ್ನ ತಲೀಮ್ಯಾಲ ಹಾಕಿ ಹೋಗಬೇಕಂತೀರೇನು?” ಎಂದು ಕಿರುಚಿದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ತಪ್ಪು ಮಾಡಿದ್ದಕ್ಕೆ ಈ ಜೀವ ಹೋಗುತ್ತದೆ ಎಂದು ಹೆದರಿದ್ದೆ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸೆರಗಿನಿಂದ ಮೂಗು ಒರೆಸಿಕೊಳ್ಳುವಾಗ ನನ್ನ ಮಗ ಕೂಸಾಗಿದ್ದ ದಿನ ನೆನಪಾಯಿತು.

ನಮ್ಮಲ್ಲಿ ಹುಟ್ಟಿದ ಕೂಸಿಗೂ ಲಿಂಗ ಕಟ್ಟುತ್ತಾರೆ. ಅದು ಬುದ್ಧಿ ತಿಳಿದು ತಾನೇ ಪೂಜೆ ಮಾಡಿಕೊಳ್ಳುವವರೆಗೆ ತಾಯಿ ಕೂಸಿನ ಲಿಂಗವನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ನೀರು ಹಾಕುತ್ತಾಳೆ. ನನಗೆ ಅದನ್ನು ಹೇಳಿಕೊಟ್ಟವರು ಅತ್ತೆಯೇ.

ಹೊರಗೆ ಬಂದು ಅವರ ಮುಂದೆ ನೆಲದ ಮೇಲೆ ಕೂತೆ. “ಅತ್ತೀ, ಕೂಸಿನ ಕೈ ಬಲತಿರೂದಿಲ್ಲಂತ ತಾಯಿ ತನ್ನ ಕೈಯಾಗ ಇಟ್ಕೊಂಡು ನೀರ ಹಾಕತಾಳಲ್ರಿ. ನಿಮ್ಮ ಕೈನೂ ಈಗ ಬಲತಿಲ್ಲ. ನನ್ನ ಕೈಯಾಗ ಇಡ್ರಿ. ನೀವು ಬಲಗೈಲೆ ಪೂಜಿ ಮಾಡ್ರಿ.”

ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು.

“ಹಂಗಾರ ನಾ ಯಾರ? ನಿನ್ನ ಕೂಸೇನು?”

“ಹೂಂ ರೀ. ಹತ್ತ ದಿನ.”

ಅವರ ಬಲಗೈ ಕೊರಳ ಕರಡಿಗೆಗೆ ಹೋಯಿತು.

“ಜಳಕಾ ಮಾಡಿ ಬಾ,” ಎಂದರು.

ಓಡಿದೆ. ಮೂರು ಗಂಟೆಗೆ ಮಡಿಸೀರೆಯುಟ್ಟು ಅವರೆದುರು ಕೂತು ಎಡಗೈ ಚಾಚಿದೆ. ಕರಡಿಗೆ ತೆಗೆದು ಅವರು ತಮ್ಮ ಲಿಂಗವನ್ನು ನನ್ನ ಅಂಗೈಗೆ ಇಟ್ಟರು. ಅದು ಅವರ ಎದೆಯ ಶಾಖಕ್ಕೆ ಬೆಚ್ಚಗಿತ್ತು. ಬಲಗೈಯಿಂದ ತಂಬಿಗೆಯ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟರು, ಹೆಬ್ಬೆರಳಿನಿಂದ ವಿಭೂತಿ ಹಚ್ಚಿದರು, ಒಂದು ಪತ್ರಿ ಏರಿಸಿದರು. ನೀರು ನನ್ನ ಅಂಗೈಯಲ್ಲಿ ನಿಂತಿತ್ತು. ಒಂದು ಹನಿಯೂ ಒಳಗಿಳಿಯಲಿಲ್ಲ, ಒಳಗಿನಿಂದ ಒಂದು ಹನಿಯೂ ಅದಕ್ಕೆ ಬೆರೆಯಲಿಲ್ಲ. ಇಷ್ಟು ತೆಳ್ಳಗಿನ ಚರ್ಮ, ಅದರೊಳಗೆ ರಕ್ತ ಹರಿಯುತ್ತಿದೆ, ಮೇಲೆ ನೀರು ತಿಳಿಯಾಗಿ ನಿಂತಿದೆ! ಆ ಹುಡುಗಿ ಅವತ್ತು ಕ್ಲಾಸಿನಲ್ಲಿ ಕೇಳಿದ್ದು ಇದನ್ನೇ ಅಲ್ಲವೇ? ಸತ್ತ ಪದರು ಯಾಕಿರಬೇಕೆಂದರೆ, ಇದಕ್ಕೆ. ಅತ್ತೆ ಬಾಗಿ ನನ್ನ ಅಂಗೈಗೆ ತುಟಿ ಹಚ್ಚಿ ಆ ನೀರನ್ನು ಕುಡಿದರು. ಒಣಗಿದ ತುಟಿ ನನ್ನ ಕೈಗೆ ತಾಗಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಾಣಿಸಿತೋ ಇಲ್ಲವೋ, ಗೊತ್ತಿಲ್ಲ. “ಹಸಿವಾಗೇತಿ, ಏನೈತಿ?” ಎಂದರು. ಬೆಳಗಿನ ಅವಲಕ್ಕಿಯನ್ನೇ ಬಿಸಿ ಮಾಡಿಕೊಟ್ಟೆ.

ಹತ್ತು ದಿನವೂ ಹೀಗೇ ನಡೆಯಿತು. ಉಗುರುಬೆಚ್ಚಗಿನ ನೀರಿಗೆ ಅತ್ತೆ ಮೂಗು ಮುರಿದರು, “ಇದೇನ ಜಳಕಾ ಬೇ, ಮುಖಾ ತೊಳಕೊಂಡಂಗ.” ಸುತ್ತಿದ ಬಟ್ಟೆ ಜಾರದಿರಲೆಂದು ಬಿಳಿ ಕಾಲುಚೀಲವನ್ನು ಕೈಗೆ ತೊಡಿಸಿದಾಗ ಮಗನಿಗೆ ತೋರಿಸಿ, “ನೋಡೋ, ನಿನ್ನ ಹೇಣ್ತಿ ನನ್ನ ಕೈಮ್ಯಾಲ ನಡಸ್ತಾಳ,” ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ದಿನಾ ಬೆಳಗ್ಗೆ ಚೀಲ ಬಿಚ್ಚಿ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೂರನೆಯ ದಿನ ಗಟ್ಟಿ ಅಂಚು ಮೆತ್ತಗಾಗಿತ್ತು. ಐದನೆಯ ದಿನ ಸೀಳಿನ ತಳ ಮೇಲೆ ಬಂದಿತ್ತು, ಬಾವಿಯಲ್ಲಿ ನೀರು ಏರಿದಂತೆ, ಕೆಳಗಿನಿಂದ. ಏಳನೆಯ ದಿನ ಎರಡೂ ದಂಡೆ ಕೂಡಿ ನಡುವೆ ಎಳೆಗೂಸಿನ ಚರ್ಮದಂಥ ತಿಳಿಗೆಂಪು ಕಾಣಿಸಿತು. ಯಾರೂ ಹೊಲಿದಿರಲಿಲ್ಲ, ಯಾರೂ ಎಳೆದು ಕೂಡಿಸಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಕೆಡಿಸುವುದನ್ನು ನಿಲ್ಲಿಸಿದ್ದೆ, ಮೇಲೆ ಜಿಡ್ಡು ಹಚ್ಚಿದ್ದೆ. ಉಳಿದದ್ದನ್ನು ಆ ಎಂಬತ್ತನಾಲ್ಕರ ಮೈ ತಾನೇ ಮಾಡಿಕೊಂಡಿತು. ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ಯಾರು ಹೇಳಿಕೊಟ್ಟರು? ನಾನು ಪುಸ್ತಕ ಓದಿದವಳು, ಜೀವಕೋಶ, ವಿಭಜನೆ ಎಂದು ಉತ್ತರ ಹೇಳಬಲ್ಲೆ. ಕಿಟಕಿಯ ಹತ್ತಿರ ಆ ಕೈ ಹಿಡಿದು ನಿಂತಾಗ ಯಾವ ಉತ್ತರವೂ ಸಾಲುತ್ತಿರಲಿಲ್ಲ. ತುರಿಕೆ ಯಾವಾಗ ನಿಂತಿತೆಂಬುದು ಅತ್ತೆಗೂ ತಿಳಿಯಲಿಲ್ಲ. ಚೌಕಟ್ಟಿಗೆ ಬೆನ್ನು ತಿಕ್ಕುವುದನ್ನು ಬಿಟ್ಟಿದ್ದರು, ಅಷ್ಟೇ.

ಹನ್ನೊಂದನೆಯ ದಿನ ಬೆಳಗ್ಗೆ ನಾನು ರೂಢಿಯಂತೆ ಸ್ನಾನ ಮುಗಿಸಿ ಬಂದು ಕೈ ಚಾಚಿದೆ. ಅತ್ತೆ ತಲೆಯಾಡಿಸಿದರು. ಲಿಂಗವನ್ನು ತೆಗೆದು ತಮ್ಮ ಎಡ ಅಂಗೈಯಲ್ಲೇ ಇಟ್ಟುಕೊಂಡರು. ನೀರು ಬಿಟ್ಟರು. ನಾನು ಉಸಿರು ಬಿಗಿಹಿಡಿದು ಆ ನೀರನ್ನೇ ನೋಡಿದೆ. ತಿಳಿಯಾಗಿತ್ತು. ವಿಭೂತಿ, ಪತ್ರಿ ಎಲ್ಲ ಆಗುವವರೆಗೂ ತಿಳಿಯಾಗಿಯೇ ಇತ್ತು. ಕುಡಿದು, ಕಣ್ಣಿಗೊತ್ತಿಕೊಂಡು, ಕೈಯನ್ನು ಬಟ್ಟೆಗೆ ಒತ್ತಿ ಒರೆಸಿಕೊಂಡು ಅವರೇ ಮುಲಾಮು ಹಚ್ಚಿಕೊಂಡರು.

ಆಗ ನನಗೆ ತಡೆಯಲಾಗಲಿಲ್ಲ. “ಅತ್ತೀ, ನಿಮಗ ಇಷ್ಟೆಲ್ಲಾ ಆಗಿದ್ದು ನನ್ನಿಂದ ರೀ. ಕುದಿಯೂ ನೀರು ಹಾಕಿ, ಕಲ್ಲ ತೊಗೊಂಡು ತಿಕ್ಕಿ ತಿಕ್ಕಿ…”

“ಗೊತ್ತೈತಿ.”

“ಉರೀತಿತ್ತೇನ್ರಿ?”

“ಬೆಂಕಿ ಹಚ್ಚಿದಂಗ ಉರೀತಿತ್ತು.”

“ಮತ್ತ ಒಂದು ಮಾತು ಹೇಳಬಾರದೇನ್ರಿ?” ಅಳುವ ಹೊತ್ತಿನಲ್ಲೂ ನನ್ನ ದನಿ ಏರಿತು. “ಕೇಳಿದಾಗೆಲ್ಲಾ ಇರ್ಲಿ, ಇರ್ಲಿ ಅಂದ್ರಿ!”

ಅತ್ತೆ ಕರಡಿಗೆಯನ್ನು ಮುಚ್ಚಿ ಕೊರಳಿಗೆ ಹಾಕಿಕೊಂಡರು.

“ಹೇಳಿದ್ರ ನೀ ಬಿಡತಿದ್ದಿ,” ಎಂದರು. “ಅವರು ಹೋದಮ್ಯಾಲ ನನ್ನ ಮೈ ಯಾರ ಮುಟ್ಯಾರ ಹೇಳು. ಮಗಾ ಹಬ್ಬಕ್ಕೊಮ್ಮೆ ಕಾಲ ಮುಟ್ಟತಾನ. ನೀ ವಾರಕ್ಕ ಎರಡ ಸರ್ತಿ ಬೆನ್ನ ತಿಕ್ಕತಿದ್ದಿ.”

ನಾನು ಮುಲಾಮಿನ ಡಬ್ಬಿ ಎತ್ತಿಕೊಂಡೆ.

“ಬೆನ್ನ ತಿರಗಸ್ರಿ.”

“ಜಳಕಾ ಆದಕೂಡ್ಲೆ ಹಚ್ಚೀಯಲ್ಲಾ.”

“ಹಚ್ಚೇನಿ. ಆದ್ರೂ ತಿರಗಸ್ರಿ.”

ಅವರು ತಿರುಗಿ ಕೂತು ಸೆರಗು ಸರಿಸಿದರು.